ಕೊನೆಯ ಬೆಂಚಿನ ಹಿಂದೆ ಒಂದು ಕುರ್ಚಿ

ಇಪ್ಪತ್ತೊಂಬತ್ತು ವರ್ಷ ನಾನು ಬೇರೆಯವರು ಮಾಡುವ ಪಾಠ ಕೇಳಿ ಸಂಬಳ ತೆಗೆದುಕೊಂಡವನು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಗಣಿತ ಬೋಧನೆಯ ಉಪನ್ಯಾಸಕ ಎಂದರೆ ಹೊರಗಿನವರಿಗೆ ಏನೋ ದೊಡ್ಡ ಕೆಲಸ ಅನಿಸಬಹುದು. ಇರುವುದು ಇಷ್ಟೇ. ನಾಳೆ ಮೇಷ್ಟ್ರಾಗುವವರು ಇವತ್ತು ಯಾವುದೋ ಹೈಸ್ಕೂಲಿಗೆ ಹೋಗಿ ಅಭ್ಯಾಸಕ್ಕೆಂದು ಪಾಠ ಮಾಡುತ್ತಾರೆ. ನಾನು ಕೊನೆಯ ಬೆಂಚಿನ ಹಿಂದೆ ಒಂದು ಕುರ್ಚಿ ಹಾಕಿಸಿಕೊಂಡು ಕುಳಿತು ಅವರ ತಪ್ಪುಗಳನ್ನು ಬರೆದುಕೊಳ್ಳುತ್ತೇನೆ. ಬೇರೆ ಕಾಲೇಜುಗಳಲ್ಲಿ ಈ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಈಚೆಗೆ ಫೋನ್ ಮಾಡಿ, "ಸರ್, ನಿಮ್ಮ ಅನುಭವ ಬರೆದಿಡಿ, ನಮಗೆ ಉಪಯೋಗ ಆಗ್ತದೆ" ಎಂದರು. ಉಪಯೋಗದ ಬಗ್ಗೆ ನನಗೆ ಖಾತ್ರಿ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಕಾಲೇಜು ಉಡುಪಿ ಪೇಟೆಯೊಳಗೆ ಒಂದು ಹಳೆಯ ಎರಡಂತಸ್ತಿನ ಕಟ್ಟಡದಲ್ಲಿತ್ತು. ಕೆಳಗೆ ಶಿಕ್ಷಕರ ತರಬೇತಿ, ಮೇಲೆ ವ್ಯವಹಾರ ವಿಭಾಗ. ನಾನು ಸೇರುವಾಗ ಮೇಲಿನ ವಿಭಾಗವೆಂದರೆ ಟೈಪ್‌ರೈಟಿಂಗ್ ಮತ್ತು ಶೀಘ್ರಲಿಪಿ, ಜೊತೆಗೆ ಒಂದಿಷ್ಟು ವಾಣಿಜ್ಯ. ನಾವು ಕೆಳಗೆ "ತರಗತಿಯಲ್ಲಿ ಪ್ರಶಾಂತ ವಾತಾವರಣದ ಮಹತ್ವ" ಎಂಬ ಪಾಠ ಮಾಡುವಾಗ ತಲೆಯ ಮೇಲೆ ಮೂವತ್ತು ಟೈಪ್‌ರೈಟರುಗಳು ಒಟ್ಟಿಗೆ ಬಡಿಯುತ್ತಿದ್ದವು. ಆಮೇಲೆ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ವಾಣಿಜ್ಯ ಹೋಗಿ ಬಿಸಿನೆಸ್ ಮ್ಯಾನೇಜ್‌ಮೆಂಟ್ ಬಂತು, ಸದ್ದು ನಿಂತಿತು. ಸದ್ದು ನಿಂತ ಮೇಲೆಯೇ ಮೇಲಿನವರ ಪ್ರಭಾವ ಜಾಸ್ತಿಯಾದದ್ದು.

ಪ್ರಿನ್ಸಿಪಾಲ್ ಐತಾಳರು ಹಳೆಯ ಕಾಲದವರು. ಜೇಬಿನಲ್ಲಿ ಸದಾ ಒಂದು ಅಡಿಪಟ್ಟಿ. ಕಪ್ಪುಹಲಗೆಯ ಅಕ್ಷರ ಎರಡು ಇಂಚಿಗಿಂತ ಕಡಿಮೆ ಇದ್ದರೆ ಪಾಠದ ನಡುವೆಯೇ ಎದ್ದು ಬಂದು ಅಳೆದು ತೋರಿಸುವವರು. ಪಾಪ, ಒಂದು ಸಲ ಕಾರ್ಕಳದ ಶಾಲೆಯೊಂದರಲ್ಲಿ ತಮ್ಮದೇ ಅಕ್ಷರ ಅಳತೆಗೆ ಕಡಿಮೆ ಬಿದ್ದು, ಅದನ್ನು ಒರೆಸಿ ಎರಡನೇ ಸಲ ಬರೆದರು, ಮಕ್ಕಳೆಲ್ಲ ನಕ್ಕರು. ಆದರೂ ಅವರಿಂದ ನಾನು ಕಲಿತದ್ದು ಬಹಳ. ಪಾಠಯೋಜನೆ ಎನ್ನುವುದು ಅವರಿಗೆ ಪವಿತ್ರ ಗ್ರಂಥ. ಪೀಠಿಕೆಗೆ ಐದು ನಿಮಿಷ, ವಿಷಯ ನಿರೂಪಣೆಗೆ ಇಪ್ಪತ್ತೈದು, ಮೌಲ್ಯಮಾಪನಕ್ಕೆ ಏಳು, ಮನೆಗೆಲಸಕ್ಕೆ ಮೂರು. ಹಿಂದಿನ ದಿನವೇ ಬರೆದು ನಮ್ಮ ಸಹಿ ಹಾಕಿಸಿಕೊಂಡ ಯೋಜನೆ ಇಲ್ಲದೆ ಯಾವ ಪ್ರಶಿಕ್ಷಣಾರ್ಥಿಯೂ ತರಗತಿಯ ಹೊಸ್ತಿಲು ದಾಟುವಂತಿರಲಿಲ್ಲ. ನಾನು ಐತಾಳರಿಗಿಂತಲೂ ಒಂದು ಕೈ ಮೇಲಾದೆ. ಗಡಿಯಾರ ನೋಡಿಕೊಂಡು, ಪೀಠಿಕೆ ಆರನೇ ನಿಮಿಷಕ್ಕೆ ಹೋದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ವಿದ್ಯಾರ್ಥಿಗಳು ನನಗೆ "ಸ್ಟಾಪ್‌ವಾಚ್" ಎಂದು ಹೆಸರಿಟ್ಟದ್ದು ನನಗೆ ಗೊತ್ತಿತ್ತು. ಬೇಜಾರಿರಲಿಲ್ಲ, ಸ್ವಲ್ಪ ಹೆಮ್ಮೆಯೇ ಇತ್ತು ಎನ್ನಬೇಕು.

ಬೋಧನೋಪಕರಣದ ವಿಷಯದಲ್ಲಿ ನಾನು ಮಂಗ ಆದದ್ದನ್ನೂ ಹೇಳಿಬಿಡುತ್ತೇನೆ. ಪ್ರತಿ ಪಾಠಕ್ಕೂ ಪ್ರಶಿಕ್ಷಣಾರ್ಥಿ ಸ್ವತಃ ಮಾಡಿದ ಚಾರ್ಟೋ ಮಾದರಿಯೋ ಇರಬೇಕೆಂಬುದು ನಿಯಮ. ಒಂದು ವಾರ ಪರ್ಕಳದ ಶಾಲೆಯಲ್ಲಿ ವೃತ್ತದ ಭಾಗಗಳ ಒಂದು ಚಾರ್ಟ್ ನೋಡಿ, "ಅತ್ಯುತ್ತಮ, ಸ್ವಂತ ಪರಿಶ್ರಮ ಎದ್ದು ಕಾಣುತ್ತದೆ" ಎಂದು ಬರೆದೆ. ಎರಡು ದಿನ ಬಿಟ್ಟು ಕಾಪುವಿನ ಶಾಲೆಯಲ್ಲಿ ಇನ್ನೊಬ್ಬರ ಚಾರ್ಟಿಗೂ ಅದನ್ನೇ ಬರೆದೆ. ಶನಿವಾರ ಮೂರನೆಯವಳು ಚಾರ್ಟ್ ಬಿಚ್ಚಿದಾಗ ಮೂಲೆಯಲ್ಲಿ ಒಂದು ಹಸಿರು ಶಾಯಿಯ ಹೆಬ್ಬೆಟ್ಟಿನ ಗುರುತು ಕಂಡಿತು. ಮೊದಲ ಎರಡರಲ್ಲೂ ಅದೇ ಜಾಗದಲ್ಲಿ ಅದೇ ಹೆಬ್ಬೆಟ್ಟು ಇದ್ದದ್ದು ನೆನಪಾಯಿತು. ವಿಚಾರಿಸಿದರೆ, ಮೇಲಿನ ವ್ಯವಹಾರ ವಿಭಾಗದ ನಾಲ್ಕು ಹುಡುಗರು ಉದ್ಯಮಶೀಲತೆಯ ಪ್ರಾಜೆಕ್ಟ್ ಎಂದು ಚಾರ್ಟ್ ಮಾಡಿ ಕೆಳಗಿನವರಿಗೆ ದಿನಬಾಡಿಗೆಗೆ ಕೊಡುತ್ತಿದ್ದರು. ದೂರು ಹೇಳಲು ಮೇಲೆ ಹೋದೆ. ಅವರ ಮೇಷ್ಟ್ರು ನನ್ನ ಮಾತು ಕೇಳಿ, "ಹೌದಾ ಮಾರಾಯ್ರೆ, ಹಾಗಾದರೆ ಪ್ರಾಜೆಕ್ಟ್ ಸಕ್ಸಸ್ ಅಲ್ವಾ?" ಎಂದು ಅವರಿಗೆ ಇನ್ನಷ್ಟು ಮಾರ್ಕು ಕೊಟ್ಟರು. ನಾನು ಮೆಟ್ಟಿಲಿಳಿದು ಬಂದೆ.

ಇಷ್ಟರ ತನಕ ನಗಿಸುವ ವಿಷಯ. ಇನ್ನು ಸಫಿಯಾಳ ವಿಷಯ ಬರೆಯಬೇಕು. ನಿಜ ಹೇಳಬೇಕೆಂದರೆ ಇದನ್ನು ಬರೆಯಲಿಕ್ಕಾಗಿಯೇ ಕುಳಿತದ್ದು.

ಸಫಿಯಾ ಕಾಪುವಿನವಳು. ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡುವವಳು, ಆದರೆ ಕನ್ನಡ ಪುಸ್ತಕದಷ್ಟೇ ಸ್ವಚ್ಛ. ಅವರ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣುಮಗಳು. ಮದುವೆಯ ಮಾತು ನಡೆದಿತ್ತು. ಒಂದು ವರ್ಷ ಬಿಡಿ, ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನೋಡುವ ಎಂದು ತಂದೆಯನ್ನು ಒಪ್ಪಿಸಿ ಬಂದಿದ್ದಳು. ಆಗ ಕೋರ್ಸ್ ಇದ್ದದ್ದೂ ಒಂದೇ ವರ್ಷ. ಊರಿನ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್, ಸರ್ಟಿಫಿಕೇಟ್ ತಂದರೆ ಜೂನ್‌ನಲ್ಲಿ ಗಣಿತದ ಕೆಲಸ ನಿನಗೇ ಎಂದಿದ್ದರು. ಇದನ್ನೆಲ್ಲ ಅವಳು ಸೇರುವ ದಿನವೇ ನನಗೆ ಹೇಳಿದ್ದಳು. ನಾನು ತಲೆಯಾಡಿಸಿ ಹಾಜರಿ ಪುಸ್ತಕದಲ್ಲಿ ಹೆಸರು, ವಿಳಾಸ ಬರೆದುಕೊಂಡಿದ್ದೆ.

ಅಭ್ಯಾಸ ಪಾಠಗಳಲ್ಲಿ ಅವಳು ಮಧ್ಯಮ. ಸಮಯ ಪಾಲಿಸುವುದಿಲ್ಲ ಎಂಬುದು ನನ್ನ ಕಾಯಂ ಷರಾ. ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆ ಬರುತ್ತದೆ. ಇಬ್ಬರು ಪರೀಕ್ಷಕರ ಎದುರು ಒಂದು ಪಾಠ ಮಾಡಬೇಕು, ಒಬ್ಬರು ಕಾಲೇಜಿನವರು, ಒಬ್ಬರು ಹೊರಗಿನವರು. ಸಫಿಯಾಳ ಪಾಠ ಬಿದ್ದದ್ದು ಪರ್ಕಳದ ಶಾಲೆಯಲ್ಲಿ, ಎಂಟನೆಯ ತರಗತಿಗೆ. ಸಂಖ್ಯಾರೇಖೆಯ ಮೇಲೆ ಭಿನ್ನರಾಶಿ ಗುರುತಿಸುವ ಪಾಠ. ಕಾಲೇಜಿನ ಕಡೆಯಿಂದ ನಾನು ಪರೀಕ್ಷಕ. ಹೊರಗಿನವರು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಮೃದು ಸ್ವಭಾವದ ಹಿರಿಯರು. ಇಬ್ಬರಿಗೂ ಹಿಂದೆ ಕುರ್ಚಿ ಹಾಕಿದರು.

ಪೀಠಿಕೆಯಲ್ಲಿ ಅವಳು ಒಂದು ಪ್ರಶ್ನೆ ಕೇಳಿದಳು. ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ? ಕೈಗಳು ಎದ್ದವು. ಎತ್ತಿದವರನ್ನು ಬಿಟ್ಟು ಅವಳು ಮೂರನೆಯ ಬೆಂಚಿನ ನಡುವೆ ತಲೆ ತಗ್ಗಿಸಿ ಕುಳಿತಿದ್ದ ಒಬ್ಬ ಹುಡುಗಿಯನ್ನು ಎಬ್ಬಿಸಿದಳು. ಹುಡುಗಿ ಸುಮ್ಮನೆ ನಿಂತಳು. ಸಫಿಯಾ ಕಾದಳು. ಒಂದು ನಿಮಿಷವಾದರೂ ಕಾದಿರಬೇಕು, ಪರೀಕ್ಷೆಯ ಪಾಠದಲ್ಲಿ ಒಂದು ನಿಮಿಷದ ಮೌನ ಎಂದರೆ ಕುಳಿತವರಿಗೂ ಬೆವರು ಬರುತ್ತದೆ. ಕೊನೆಗೆ ಹುಡುಗಿ "ನಾಲ್ಕನೇ ಒಂದು" ಎಂದಳು. ಯಾಕೆ ಎಂದು ಕೇಳಿದರೆ, "ನಾಲ್ಕು ದೊಡ್ಡದಲ್ವಾ ಟೀಚರ್" ಎಂದಳು.

ಸಫಿಯಾ ಮೇಜಿನ ಮೇಲಿದ್ದ ಪಾಠಯೋಜನೆಯನ್ನು ಒಮ್ಮೆ ನೋಡಿದಳು, ಮುಚ್ಚಿಟ್ಟಳು. ಗೋಡೆಯ ಮೇಲೆ ತೂಗುಹಾಕಿದ್ದ, ತಾನೇ ಬಣ್ಣ ಹಚ್ಚಿ ಮಾಡಿದ ಒಂದೇ ಅಳತೆಯ ಎರಡು ಚಾರ್ಟುಗಳನ್ನು ಕೆಳಗಿಳಿಸಿದಳು. ಒಂದನ್ನು ಮೂರು ಸಮಪಾಲಾಗಿ ಹರಿದಳು, ಇನ್ನೊಂದನ್ನು ನಾಲ್ಕಾಗಿ. ಒಂದೊಂದು ತುಂಡನ್ನು ಆ ಹುಡುಗಿಯ ಎರಡು ಕೈಗೆ ಕೊಟ್ಟು, "ಈಗ ಹೇಳು, ಯಾವುದು ದೊಡ್ಡದು?" ಎಂದಳು. ಆಮೇಲೆ ಬೆಂಚುಗಳ ನಡುವಿನವರನ್ನೇ ಒಬ್ಬೊಬ್ಬರಾಗಿ ಎಬ್ಬಿಸಿದಳು. ಅರ್ಧ ತರಗತಿಗೆ ಈ ವಿಷಯ ಗೊತ್ತೇ ಇರಲಿಲ್ಲ ಎಂಬುದು ಬಯಲಾಯಿತು. ಮಕ್ಕಳು ಕಾಗದ ಹರಿಯುತ್ತಾ ಗದ್ದಲ ಮಾಡಿದರು. ಸಂಖ್ಯಾರೇಖೆ ಬೋರ್ಡಿನ ಮೇಲೆ ಅರ್ಧ ಎಳೆದಲ್ಲಿಗೆ ಬೆಲ್ಲಾಯಿತು. ಮೌಲ್ಯಮಾಪನ ಇಲ್ಲ, ಮನೆಗೆಲಸ ಇಲ್ಲ.

ನಾನು ಬರೆದದ್ದು ಈಗಲೂ ಬಾಯಿಪಾಠ ಇದೆ: "ಪೂರ್ವಜ್ಞಾನದ ಪರೀಕ್ಷೆಯಲ್ಲಿ ವಿಫಲ. ಬೋಧನೋಪಕರಣವನ್ನು ಹಾಳುಮಾಡಿದ್ದಾರೆ. ತರಗತಿ ನಿಯಂತ್ರಣ ಸಾಲದು. ಪಾಠಯೋಜನೆಯನ್ನು ಅನುಸರಿಸಿಲ್ಲ."

ಹೊರಗಿನ ಪರೀಕ್ಷಕರು ಅಂಕಪಟ್ಟಿ ಮುಂದಿಟ್ಟುಕೊಂಡು ನನ್ನ ಮುಖ ನೋಡಿದರು. "ನಿಮ್ಮ ಹುಡುಗಿ ಅಲ್ವಾ? ಅಂಚಿನಲ್ಲಿ ಪಾಸು ಮಾಡುವ. ಎಂತದೋ ಒಂದು ಉಂಟು ಅವಳಲ್ಲಿ" ಎಂದರು.

"ನಮ್ಮ ಹುಡುಗಿ ಅಂತ ಬೇಡ ಸರ್" ಎಂದೆ ನಾನು. "ಅದೇ ಶಾಲೆಯಲ್ಲಿ ಬೆಳಿಗ್ಗೆ ಐದು ಪಾಠ ನೋಡಿದೆವು. ಎಲ್ಲರದ್ದೂ ಎಷ್ಟು ಚೆನ್ನಾಗಿ ಹೋಯಿತು. ಕೇಳಿದ ಪ್ರಶ್ನೆಗೆಲ್ಲ ಮಕ್ಕಳು ಫಟಾಫಟ್ ಉತ್ತರ ಕೊಟ್ಟರು. ಇವಳಿಗೆ ಮಾತ್ರ ಯಾಕೆ ಕೊಡಲಿಲ್ಲ?"

ಅವರು ಅಂಕಪಟ್ಟಿಯನ್ನು ನನ್ನ ಕಡೆ ಸರಿಸಿದರು. ಪಾಸಿಗೆ ನಾಲ್ಕು ಅಂಕ ಕಡಿಮೆಯಾಯಿತು. ನನ್ನ ನಿಷ್ಪಕ್ಷಪಾತದ ಬಗ್ಗೆ ನನಗೆ ಆ ದಿನ ಬಹಳ ಸಮಾಧಾನವಿತ್ತು.

ಫಲಿತಾಂಶ ಬಂದ ಮೇಲೆ ಸಫಿಯಾ ಸ್ಟಾಫ್ ರೂಮಿಗೆ ಬಂದಳು. ಅಳಲಿಲ್ಲ. "ಸರ್, ನನ್ನ ತಪ್ಪು ಎಲ್ಲಿ ಆಯ್ತು?" ಎಂದು ಕೇಳಿದಳು. ನಾನು ಒಂದೊಂದಾಗಿ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, "ಆ ಹುಡುಗಿಗೆ ಗೊತ್ತಿರಲಿಲ್ಲ ಸರ್" ಎಂದಳು.

"ಒಬ್ಬಳಿಗೆ ಗೊತ್ತಿಲ್ಲ ಅಂತ ಇಡೀ ತರಗತಿಯನ್ನು ನಿಲ್ಲಿಸುವುದಾ? ನೋಡಿ ಸಫಿಯಾ, ಮುಂದಿನ ವರ್ಷ ಪ್ರಾಯೋಗಿಕ ಮಾತ್ರ ಮತ್ತೆ ಕಟ್ಟಬಹುದು, ಅವಕಾಶ ಉಂಟು. ಆದರೆ ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಕಲಿಸುವುದು ಎಲ್ಲರಿಗೂ ಒಗ್ಗುವ ಕೆಲಸ ಅಲ್ಲ."

ಅವಳು ನಮಸ್ಕಾರ ಮಾಡಿ ಹೋದಳು. ಮುಂದಿನ ವರ್ಷ ಐತಾಳರು ನೆನಪು ಮಾಡಿ ಅವಳ ವಿಳಾಸಕ್ಕೆ ಪರೀಕ್ಷೆಯ ಫಾರ್ಮ್ ಕಳಿಸಿದರು. ಉತ್ತರ ಬರಲಿಲ್ಲ. ಮದುವೆ ಆಗಿರಬೇಕು ಎಂದುಕೊಂಡೆವು, ನಮಗೆ ಅಷ್ಟು ಸಾಕಾಗಿತ್ತು.

ಆಮೇಲಿನ ವರ್ಷಗಳಲ್ಲಿ ಕಾಲೇಜಿನ ಚರಿತ್ರೆ ಬೇರೆ ದಿಕ್ಕಿಗೆ ಹೊರಳಿತು. ಐತಾಳರು ನಿವೃತ್ತರಾದರು. ಬಿ.ಎಡ್. ಎರಡು ವರ್ಷವಾಯಿತು, ಸೇರುವವರು ಕಡಿಮೆಯಾದರು. ಡಿಗ್ರಿ ಮುಗಿಸಿದವರು ಎರಡು ವರ್ಷ ಇಲ್ಲಿ ಕಳೆಯುವ ಬದಲು ಮಣಿಪಾಲದ ಯಾವುದಾದರೂ ಆಫೀಸಿಗೆ ಹೋಗುವುದೇ ಲೇಸೆಂದರು. ಮೇಲಿನ ವ್ಯವಹಾರ ವಿಭಾಗ ಮೆಟ್ಟಿಲಿಳಿದು ನಮ್ಮ ಕೊಠಡಿಗಳನ್ನು ಒಂದೊಂದಾಗಿ ತೆಗೆದುಕೊಂಡಿತು. ಮೊದಲು ಲೈಬ್ರರಿ, ಆಮೇಲೆ ಮನೋವಿಜ್ಞಾನದ ಪ್ರಯೋಗಾಲಯ. ಕೊನೆಕೊನೆಗೆ ನಾವು ಹಿಂಬದಿಯ ಎರಡು ಕೊಠಡಿಗಳಲ್ಲಿದ್ದೆವು. ಪಾಠಯೋಜನೆಯೂ ಕಂಪ್ಯೂಟರಿನಲ್ಲಿ ಬರತೊಡಗಿತು, ಒಬ್ಬರದ್ದನ್ನು ಇನ್ನೊಬ್ಬರು ಹೆಸರು ಬದಲಿಸಿ ಕೊಡುವುದು ಸುಲಭವಾಯಿತು. ನಾನು ಮೊದಲಿನಂತೆಯೇ ಸಹಿ ಹಾಕುತ್ತಿದ್ದೆ.

ಕೊನೆಯ ಬ್ಯಾಚಿಗಿಂತ ಹಿಂದಿನದ್ದರಲ್ಲಿ ಪರ್ಕಳದ ಸುಕನ್ಯಾ ಎಂಬ ಹುಡುಗಿ ಸೇರಿದಳು. ಗಣಿತದವಳು, ಬಾಯಿ ಸ್ವಲ್ಪ ಜೋರು. ಒಂದು ದಿನ ಅಭ್ಯಾಸ ಪಾಠ ಮುಗಿಸಿ ಬಸ್ಸಿಗೆ ಕಾಯುವಾಗ ನಗುತ್ತಾ ಹೇಳಿದಳು:

"ಸರ್, ನಾನು ನಿಮ್ಮನ್ನು ಎಂಟನೇ ಕ್ಲಾಸಿನಲ್ಲೇ ನೋಡಿದ್ದೇನೆ. ನೀವು ಬರುವ ಮುಂಚೆ ಪ್ಯೂನ್ ಹಿಂದೆ ಕುರ್ಚಿ ತಂದಿಡ್ತಿದ್ರಲ್ಲ, ಅದು ಬಂದ ಕೂಡಲೇ ನಾವು ಜಾಗ ಬದಲಾಯಿಸ್ತಿದ್ದೆವು."

"ಯಾವ ಜಾಗ?"

"ಉತ್ತರ ಬರುವವರು ಬೆಂಚಿನ ತುದಿಗೆ, ಬರದವರು ನಡುವೆ. ಟೀಚರುಗಳು ತುದಿಯವರನ್ನು ಮಾತ್ರ ಕೇಳುವುದು. ಕೈ ಹೆಚ್ಚುಕಡಿಮೆ ಎಲ್ಲರೂ ಎತ್ತುವುದು. ಯಾವ ಟೀಚರೂ ಹೇಳಿಕೊಟ್ಟದ್ದಲ್ಲ ಸರ್, ದೊಡ್ಡ ಕ್ಲಾಸಿನ ಅಕ್ಕಂದಿರಿಂದ ಬಂದದ್ದು. ಪಾಪ, ಟೀಚರಿಗೆ ಮಾರ್ಕು ಸಿಗಬೇಕಲ್ವಾ? ನಿಮಗೆ ಗೊತ್ತಿರಲಿಲ್ವಾ?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಕುರ್ಚಿಯಲ್ಲಿ ಕುಳಿತು ಬೆನ್ನುಗಳನ್ನು ನೋಡಿದವನಿಗೆ ಗೊತ್ತಿರಲಿಲ್ಲ. ಎಲ್ಲ ಪ್ರಶಿಕ್ಷಣಾರ್ಥಿಗಳಿಗೆ ಗೊತ್ತಿತ್ತು, ಮಕ್ಕಳಿಗೆ ಗೊತ್ತಿತ್ತು, ಪ್ರಾಯಶಃ ಪ್ಯೂನಿಗೂ ಗೊತ್ತಿತ್ತು. ನಾನು "ತರಗತಿಯ ಪ್ರತಿಕ್ರಿಯೆ ಅತ್ಯುತ್ತಮ" ಎಂದು ಬರೆದ ಪಾಠಗಳೆಲ್ಲ ಬೆಂಚಿನ ತುದಿಗಳ ಪಾಠಗಳು.

ಸುಕನ್ಯಾ ಮುಂದುವರಿಸಿದಳು. "ಒಬ್ಬರು ಟೀಚರ್ ಮಾತ್ರ ನಡುವಿನವರನ್ನೇ ಕೇಳಿದ್ರು. ಕಾಪುವಿನಿಂದ ಬರ್ತಿದ್ರು, ಸಫಿಯಾ ಟೀಚರ್. ಎದ್ದು ನಿಂತದ್ದು ನಾನೇ ಸರ್. ಚಾರ್ಟ್ ಹರಿದು ನನ್ನ ಕೈಗೆ ಕೊಟ್ರು. ನನಗೆ ಲೆಕ್ಕ ಇಷ್ಟ ಆದದ್ದು ಆ ದಿವಸದಿಂದ. ಅವರು ಈಗ ಯಾವ ಶಾಲೆಯಲ್ಲಿದ್ದಾರೆ ಸರ್?"

"ಗೊತ್ತಿಲ್ಲ" ಎಂದೆ. ಬಸ್ಸು ಬಂತು.

ಇಲ್ಲಿ ನಾನು ಒಳ್ಳೆಯವನಾಗಿ ಕಾಣುವ ಹಾಗೆ ಬರೆಯಬಹುದು, ಮರುದಿನವೇ ಕಾಪುವಿಗೆ ಓಡಿದೆ ಎಂದು. ಓಡಲಿಲ್ಲ. ವಿಶ್ವವಿದ್ಯಾಲಯಕ್ಕೆ ಹೋದ ಅಂಕ ಬದಲಿಸಲು ಬರುವುದಿಲ್ಲ, ಹೋಗಿ ಏನು ಮಾಡುವುದು ಎಂದು ನನಗೆ ನಾನೇ ಹೇಳಿಕೊಂಡು ಎರಡು ವರ್ಷ ಸುಮ್ಮನಿದ್ದೆ. ನಾಚಿಕೆಯಾಗುತ್ತಿತ್ತು, ಅದೇ ನಿಜವಾದ ಕಾರಣ. ನಾನು ನಿವೃತ್ತನಾದ ವರ್ಷವೇ ತರಬೇತಿ ವಿಭಾಗ ಮುಚ್ಚಿತು. ಕೊಠಡಿ ಖಾಲಿ ಮಾಡುವಾಗ ಹಳೆಯ ಹಾಜರಿ ಪುಸ್ತಕಗಳನ್ನು ಕಟ್ಟಿಡುತ್ತಿದ್ದರು. ಅವುಗಳಲ್ಲಿ ಸಫಿಯಾಳ ಪುಟ ಹುಡುಕಿ ವಿಳಾಸ ಬರೆದುಕೊಂಡೆ. ಬೆಳ್ಮಣ್ಣಿನ ನಮ್ಮ ಮನೆಯಲ್ಲಿ ಆ ಚೀಟಿ ಮೇಜಿನ ಮೇಲೆ ಬಹಳ ದಿನ ಬಿದ್ದಿತ್ತು. ನನ್ನ ಹೆಂಡತಿ ಹಿಲ್ಡಾ ಅದನ್ನು ನೋಡಿ ವಿಷಯ ಕೇಳಿದಳು, ಹೇಳಿದೆ.

"ಹೋಗಿ ಎಂತ ಮಾಡ್ತೀರಿ? ನಿಮ್ಮ ಮನಸ್ಸು ಹಗುರ ಮಾಡ್ಲಿಕ್ಕಾ?" ಎಂದಳು.

"ಅವಳಿಗೆ ಸತ್ಯ ಗೊತ್ತಾಗಬೇಕಲ್ಲ."

"ಅವಳು ಕೇಳಿದ್ದಾಳಾ?"

ನಾನು ಮರುದಿನ ಶಿರ್ವದ ಬಸ್ಸು ಹತ್ತಿ, ಅಲ್ಲಿಂದ ಕಾಪುವಿಗೆ ಹೋದೆ. ಮನೆಯಲ್ಲಿ ಕೇಳಿದಾಗ ಪೇಟೆಯ ಅಂಗಡಿಯಲ್ಲಿದ್ದಾಳೆ ಎಂದರು. ಶಾಲಾ ಯೂನಿಫಾರ್ಮಿನ ಅಂಗಡಿ. ಗಂಡ ಮಸ್ಕತ್‌ನಲ್ಲಿದ್ದಾರೆ, ಅಂಗಡಿ ಪೂರ್ತಿ ಆಕೆಯದ್ದೇ. ನಾನು ಹೋದಾಗ ಒಬ್ಬ ತಾಯಿ ಮಗನಿಗೆ ಶರ್ಟು ತೆಗೆಯಲು ಬಂದಿದ್ದರು. ಭುಜ ಬಿಗಿಯಾಗ್ತದಾ ಎಂದು ಸಫಿಯಾ ಮಗುವನ್ನು ಕೇಳಿದರೆ ತಾಯಿ ಉತ್ತರ ಕೊಟ್ಟರು. "ಅವನೇ ಹೇಳಲಿ" ಎಂದು ಆಕೆ ಟೇಪು ಹಿಡಿದುಕೊಂಡು ನಿಂತಳು. ಮಗು ಬಹಳ ಹೊತ್ತಿನ ಮೇಲೆ ಹೌದೆಂದು ತಲೆಯಾಡಿಸಿತು.

ನನ್ನ ಗುರುತು ಕೂಡಲೇ ಹಿಡಿದಳು. ಸ್ಟೂಲು ಕೊಟ್ಟು, ಶರಬತ್ತು ತರಿಸಿದಳು. "ಹೇಗಿದ್ದೀರಿ ಸರ್? ಕಾಲೇಜು ಹೇಗುಂಟು?" ಎಂದಳು. ನಾನು ಬಂದ ವಿಷಯವನ್ನು ಹೇಳಿದೆ. ಬೆಂಚಿನ ತುದಿಗಳ ವಿಷಯ, ಸುಕನ್ಯಾಳ ವಿಷಯ, ಹೊರಗಿನ ಪರೀಕ್ಷಕರು ಪಾಸು ಮಾಡಲು ಹೊರಟದ್ದನ್ನು ನಾನು ತಡೆದದ್ದು, ಒಂದನ್ನೂ ಬಿಡಲಿಲ್ಲ. ನಾನು ನೋಡಿದ ಎಲ್ಲ ಪಾಠಗಳಲ್ಲಿ ನಿಜವಾದ ಪಾಠ ಅದೊಂದೇ ಎಂದೂ, ತಪ್ಪು ನನ್ನದೆಂದೂ ಹೇಳಿದೆ.

ಆಕೆ ಮಡಚುತ್ತಿದ್ದ ಶರ್ಟನ್ನು ಪೂರ್ತಿ ಮಡಚಿ ಕಪಾಟಿನಲ್ಲಿಟ್ಟಳು.

"ತುದಿಯವರನ್ನು ಕೇಳಬೇಕು ಅಂತ ನನಗೂ ಗೊತ್ತಿತ್ತು ಸರ್. ನಮ್ಮ ಬ್ಯಾಚಿನವರು ಎಲ್ಲರೂ ಹೇಳಿದ್ದರು."

"ಮತ್ತೆ?"

"ಅದು ಸರಿ ಅಂತ ಕಾಣಲಿಲ್ಲ. ಆಮೇಲೆ ನೀವು ಕಲಿಸುವುದು ನನಗೆ ಒಗ್ಗುವುದಿಲ್ಲ ಅಂದ್ರಿ. ಇಷ್ಟು ವರ್ಷ ಪಾಠ ನೋಡಿದವರು ಹೇಳಿದ ಮೇಲೆ ಹೌದಿರಬೇಕು ಅಂದುಕೊಂಡೆ. ಫಾರ್ಮ್ ಬಂದಿತ್ತು, ತುಂಬಿಸಲಿಲ್ಲ. ಓಣಿಯ ಮಕ್ಕಳು ಟ್ಯೂಷನ್ ಕೇಳಿಕೊಂಡು ಬಂದರು, ನನಗೆ ಬರುವುದಿಲ್ಲ ಅಂತ ಕಳಿಸಿದೆ. ನನ್ನ ಮಗಳಿಗೆ ಸಹ ನಾನು ಲೆಕ್ಕ ಹೇಳಿಕೊಡಲಿಲ್ಲ. ಬೇರೆಯವರ ಹತ್ತಿರ ಕಳಿಸ್ತೇನೆ."

ನಾನು ಏನಾದರೂ ಹೇಳಲೇಬೇಕಿತ್ತು. "ಈಗಲೂ ತಡ ಆಗಲಿಲ್ಲ" ಎಂದೆ. "ಕೋರ್ಸಿಗೆ ಮತ್ತೆ ಸೇರಬಹುದು. ಎರಡು ವರ್ಷ ಅಷ್ಟೇ. ಬೇಕಾದ ಪತ್ರ ನಾನು ಬರೆದುಕೊಡ್ತೇನೆ."

"ಯಾವ ಕಾಲೇಜಿಗೆ ಸರ್?"

ನಮ್ಮದು ಮುಚ್ಚಿತು ಎಂದು ಹೇಳಿದೆ. ಆಕೆಗೆ ಅದು ಗೊತ್ತಿರಲಿಲ್ಲ. ಟೇಪನ್ನು ಸುತ್ತಿ ಕಪಾಟಿನಲ್ಲಿಟ್ಟಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಒಳ್ಳೆಯದಿತ್ತು.

"ನನಗೆ ಕಲಿಸಲಿಕ್ಕೆ ಬರುವುದಿಲ್ಲ ಅಂತ ನಂಬಿ ಇಷ್ಟು ವರ್ಷ ಆರಾಮವಾಗಿದ್ದೆ ಸರ್" ಎಂದಳು. "ನೀವು ಇವತ್ತು ಬರಬಾರದಿತ್ತು."